ನಾವು ಬೇಡವೆಂದ ಶಾಲೆ

ಸರಪಳಿ ಹೊಸದು. ಬೀಗವೂ ಹೊಸದು. ಶಾಲೆಯ ಬಾಗಿಲಿಗೆ ಬಣ್ಣ ಬಳಿಯಿರಿ ಎಂದರೆ ದುಡ್ಡಿಲ್ಲ ಎನ್ನುತ್ತಿದ್ದ, ನಮ್ಮ ಜಿಲ್ಲೆಯನ್ನು ನಡೆಸುವ ಕೌಂಟಿಯವರಿಗೆ ಸರಪಳಿ ಕೊಳ್ಳಲು ದುಡ್ಡಿತ್ತು.

ಅದು ಐವತ್ತೊಂಬತ್ತನೇ ಇಸವಿಯ ಸೆಪ್ಟೆಂಬರ್. ಶಾಲೆ ತೆರೆಯುವ ದಿನ. ಬೀಗ ಬಿದ್ದಿದೆ ಎಂದು ಊರಿಗೆಲ್ಲ ಗೊತ್ತಿತ್ತು. ಆದರೂ ನನ್ನ ಮಗಳು ವರ್ಲೀನ್ ಎದ್ದು, ಮುಖ ತೊಳೆದು, ನಾನು ಹಿಂದಿನ ದಿನ ಇಸ್ತ್ರಿ ಮಾಡಿಟ್ಟಿದ್ದ ನೀಲಿ ಫ್ರಾಕು ತೊಟ್ಟಳು.

"ನೋಡ್ಕೊಂಡು ಬರೋಣ ಅಮ್ಮ. ಸುಳ್ಳಿರಬೋದು."

ಇಬ್ಬರೂ ನಡೆದು ಹೋದೆವು. ಗೇಟಿನ ಮುಂದೆ ನಿಂತೆವು. ವರ್ಲೀನ್ ಸರಪಳಿ ಹಿಡಿದು ಒಂದು ಸಲ ಎಳೆದು ನೋಡಿದಳು. ಕೈಗೆ ಎಣ್ಣೆ ಅಂಟಿತು. ಫ್ರಾಕಿಗೆ ಒರೆಸಿಕೊಳ್ಳಲು ಹೋದವಳು ನನ್ನ ಮುಖ ನೋಡಿ ಹುಲ್ಲಿಗೆ ಒರೆಸಿದಳು. ತಿರುಗಿ ಮನೆಗೆ ಬಂದೆವು.

ಕರಿಯರ ಮಕ್ಕಳೂ ಬಿಳಿಯರ ಮಕ್ಕಳೂ ಒಂದೇ ಶಾಲೆಯಲ್ಲಿ ಓದಬೇಕು ಎಂದು ಸುಪ್ರೀಂ ಕೋರ್ಟು ಹೇಳಿತ್ತು. ಹೇಳಿ ವರ್ಷಗಳೇ ಆಗಿದ್ದವು. ನಮ್ಮ ವರ್ಜೀನಿಯಾ ರಾಜ್ಯ ಅಷ್ಟು ದಿನವೂ ಕಿವಿ ಕೇಳದವರ ಹಾಗೆ ಕೂತಿತ್ತು. ಕೊನೆಗೆ ಕೋರ್ಟಿನವರು ಈ ಸೆಪ್ಟೆಂಬರಿಗೇ ಆಗಬೇಕು ಎಂದು ಗಡುವು ಹಾಕಿದರು. ಹಾಗಾದರೆ ಶಾಲೆಯೇ ಬೇಡ ಎಂದರು ನಮ್ಮನ್ನಾಳುವವರು. ಮಕ್ಕಳು ಶಾಲೆಗೆ ಬರಲೇಬೇಕು ಎಂಬ ಕಾನೂನನ್ನು ರಾಜಧಾನಿ ರಿಚ್ಮಂಡಿನಲ್ಲಿ ಕೂತು ಕಿತ್ತು ಹಾಕಿದರು. ಶಾಲೆ ನಡೆಸುವುದೂ ಬಿಡುವುದೂ ಆಯಾ ಕೌಂಟಿಯ ಇಷ್ಟ ಎಂದರು. ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವವರಿಗೆ ಸರ್ಕಾರವೇ ಫೀಸು ಕೊಡುತ್ತದೆ ಎಂದರು.

ನಮ್ಮ ಕೌಂಟಿ ಎಲ್ಲ ಶಾಲೆಗೂ ಬೀಗ ಜಡಿಯಿತು. ಬಿಳಿಯರ ಶಾಲೆಗೂ. ಒಂದೇ ವಾರದಲ್ಲಿ ಬಿಳಿಯರ ಚರ್ಚುಗಳ ನೆಲಮಾಳಿಗೆಗಳಲ್ಲಿ ಅವರ ಮಕ್ಕಳಿಗೆ ಪಾಠ ಶುರುವಾಯಿತು. ಅದೇ ಮೇಷ್ಟ್ರುಗಳು, ಅದೇ ಪುಸ್ತಕಗಳು. ಅದಕ್ಕೆ ಅಕಾಡೆಮಿ ಎಂದು ಹೆಸರಿಟ್ಟರು. ಫೀಸು ಸರ್ಕಾರದ್ದು. ಸರ್ಕಾರದ್ದು ಅಂದರೆ ನನ್ನ ಗಂಡ ಕಟ್ಟಿದ ಕಂದಾಯವೂ ಅದರಲ್ಲಿತ್ತು.

ನಮ್ಮ ಮಕ್ಕಳಿಗೆ ಗೇಟು ಇತ್ತು. ಸರಪಳಿ ಇತ್ತು.

ಸೆಪ್ಟೆಂಬರಿನಲ್ಲಿ ತಂಬಾಕಿನ ಕೆಲಸ. ಶಾಲೆ ಇಲ್ಲದ ಮಕ್ಕಳನ್ನೆಲ್ಲ ಎಲೆ ಒಣಗಿಸಿ ಹದ ಮಾಡುವ ಬ್ಯಾರನ್‌ಗಳು ನುಂಗಿಕೊಂಡವು. ಬೇರೆ ವರ್ಷ ಶಾಲೆ ಬಿಟ್ಟ ಮೇಲೆ ಬಂದು ಎಲೆ ಕೊಡುತ್ತಿದ್ದ ವರ್ಲೀನ್ ಆ ವರ್ಷ ಬೆಳಕು ಹರಿಯುವ ಮೊದಲೇ ನನ್ನ ಜೊತೆ ನಿಂತಳು. ಎಲೆ ಪೋಣಿಸುವುದು ಇಬ್ಬರ ಕೆಲಸ. ಒಬ್ಬರು ಮೂರು ಮೂರು ಎಲೆ ತೊಟ್ಟು ಸೇರಿಸಿ ಕೊಡಬೇಕು, ಇನ್ನೊಬ್ಬರು ಕೋಲಿಗೆ ದಾರ ಸುತ್ತಿ ಬಿಗಿಯಬೇಕು. ತಲೆ ಎತ್ತಬಾರದು. ಮಧ್ಯಾಹ್ನದ ಹೊತ್ತಿಗೆ ಎಲೆಯ ಅಂಟು ಬೆರಳಿಗೆ ಕಪ್ಪಗೆ ಮೆತ್ತಿಕೊಳ್ಳುತ್ತದೆ. ಉಜ್ಜಿದರೂ ಹೋಗುವುದಿಲ್ಲ. ಕಣ್ಣು ಉಜ್ಜಿಕೊಂಡರೆ ಉರಿ.

"ಅಮ್ಮ, ಎಂಟೇಳ್ಲಿ ಐವತ್ತಾರು," ಎನ್ನುತ್ತಿದ್ದಳು ಎಲೆ ಕೊಡುತ್ತಾ.

"ಹೂಂ."

"ಎಂಟೆಂಟ್ಲಿ ಅರವತ್ನಾಲ್ಕು. ನೀನು ಸರಿನಾ ತಪ್ಪಾ ಹೇಳ್ಬೇಕು ಅಮ್ಮ. ಬರೀ ಹೂಂ ಅಂದ್ರೆ ಹೆಂಗೆ?"

ಬೆಂಚಿನ ಆಚೆ ತುದಿಯಲ್ಲಿ ನಮ್ಮ ಪಕ್ಕದ ಮನೆಯ ಹ್ಯಾಟಿ ನಿಂತಿರುತ್ತಿದ್ದಳು. ನಾಲ್ಕು ಮಕ್ಕಳ ತಾಯಿ. ಬಾಯಿ ಜೋರು. "ನಿಮ್ಮಮ್ಮನ್ನ ಯಾಕೆ ಕೇಳ್ತೀಯೇ, ನನ್ನ ಕೇಳು," ಎಂದಳು. "ನಾನು ಹೇಳಿದ್ದೇ ಲೆಕ್ಕ. ನಂಗೆ ಓದು ಬರ್ದೇ ಇದ್ರೇನು, ನಾಲ್ಕು ಮಕ್ಕಳನ್ನ ಎಂಟು ರೊಟ್ಟೀಲಿ ಸಾಕ್ತಿಲ್ವಾ."

ಹುಡುಗಿ ನಕ್ಕಳು. ಆ ವರ್ಷ ಅವಳು ನಕ್ಕಿದ್ದು ಕಡಿಮೆ. ಅದಕ್ಕೇ ನೆನಪಿದೆ.

ಅಕ್ಟೋಬರಿನಲ್ಲಿ ನಮ್ಮ ಚರ್ಚಿನ ನೆಲಮಾಳಿಗೆಯಲ್ಲೂ ಮಕ್ಕಳನ್ನು ಕೂರಿಸತೊಡಗಿದರು. ಕೆಲಸ ಕಳಕೊಂಡ ಇಬ್ಬರು ಟೀಚರಮ್ಮಂದಿರು ಬಿಟ್ಟಿಯಾಗಿ ಬರುತ್ತಿದ್ದರು. ಆರು ವರ್ಷದವರೂ ಹದಿನಾರು ವರ್ಷದವರೂ ಒಂದೇ ಕಡೆ. ನಮ್ಮ ಪಾದ್ರಿ ಟಾಲಿವರ್ ಮೊದಲ ದಿನವೇ ಎಲ್ಲರಿಗೂ ಎಚ್ಚರಿಕೆ ಕೊಟ್ಟರು.

"ಇದನ್ನ ಯಾರೂ ಶಾಲೆ ಅನ್ಬೇಡಿ. ಗಂಟೆ ಹೊಡೀಬೇಡಿ. ಮಾರ್ಕ್ಸು ಗೀರ್ಕ್ಸು ಕೊಡ್ಬೇಡಿ. ಶಾಲೆ ತೆರೆಸೋಕೆ ನಾವು ಹಾಕಿರೋ ಕೇಸು ಇನ್ನೂ ನಡೀತಿದೆ. ಕರಿಯರಿಗೂ ಶಾಲೆ ಇದೆಯಲ್ಲ ಅಂತ ನಾಳೆ ಕೋರ್ಟಲ್ಲಿ ಹೇಳ್ಬಿಡ್ತಾರೆ."

"ಮತ್ತೆ ಏನಂತ ಕರೀಬೇಕು ಪಾದ್ರಿಗಳೇ?" ಹ್ಯಾಟಿ ಕೇಳಿದಳು.

"ಕೇಂದ್ರ ಅನ್ನಿ."

"ಏನ್ ಕೇಂದ್ರ? ಆಲೂಗಡ್ಡೆ ಕೇಂದ್ರನಾ?"

ಎಲ್ಲರೂ ನಕ್ಕರು. ಪಾದ್ರಿಯೂ ನಕ್ಕರು. ಆದರೆ ಮಕ್ಕಳು ಪುಸ್ತಕವನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಹೋಗತೊಡಗಿದರು. ಕದ್ದ ಮಾಲಿನ ಹಾಗೆ. ವರ್ಲೀನ್‌ಗೆ ಹದಿಮೂರು. ಅಲ್ಲಿ ಅವಳು ಕಲಿಯುವುದೇನೂ ಇರಲಿಲ್ಲ. ಚಿಕ್ಕವರಿಗೆ ಅಕ್ಷರ ತಿದ್ದಿಸಿ ಬರುತ್ತಿದ್ದಳು. ಹೊಸದೇನು ಹೇಳಿಕೊಟ್ಟರು ಎಂದು ನಾನು ಕೇಳುವುದನ್ನು ಬಿಟ್ಟೆ.

ನಾನು ಬಟ್ಟೆ ಒಗೆಯುವವಳು. ಪೇಟೆಯ ಬ್ರೇಡನ್ನರ ಮನೆಯ ಬಟ್ಟೆ ನನ್ನದು. ಸೋಮವಾರ ತಂದು, ಕುದಿಸಿ, ಒಗೆದು, ನೀಲಿ ಹಾಕಿ, ಗಂಜಿ ಹಾಕಿ, ಒಣಗಿಸಿ, ನೀರು ಚಿಮುಕಿಸಿ ಸುತ್ತಿಟ್ಟು, ಇಸ್ತ್ರಿ ಮಾಡಿ ಗುರುವಾರ ಕೊಟ್ಟು ಬರುವುದು. ವರ್ಲೀನ್ ಹೊಟ್ಟೆಯಲ್ಲಿದ್ದಾಗಿಂದ ಆ ಬುಟ್ಟಿ ಹೊತ್ತಿದ್ದೇನೆ. ಹಿಂಬಾಗಿಲಿನಿಂದ ಹೋಗಬೇಕು. ಅಡಿಗೆಮನೆಯಲ್ಲಿ ನಿಂತು ಕಾಯಬೇಕು. ಬಾಯಾರಿದರೆ ಸಿಂಕಿನ ಕೆಳಗೆ ನನಗೆಂದೇ ಇಟ್ಟ ಗಾಜಿನ ಜಾಡಿ ಇದೆ. ಒಂದು ಕಾಲದಲ್ಲಿ ಜಾಮು ತುಂಬಿದ್ದ ಜಾಡಿ. ಅದರಲ್ಲೇ ನೀರು ಕುಡಿದು, ತೊಳೆದು, ಅಲ್ಲೇ ಇಡಬೇಕು.

ಮದುವೆಯಾದ ಬಿಳಿ ಹೆಂಗಸರನ್ನೂ ನಾವು ಮಿಸ್ ಎಂದೇ ಕರೆಯಬೇಕು. ಮನೆಯೊಡತಿ ಮಿಸ್ ಎಲಿನರ್ ಕೆಟ್ಟವರಲ್ಲ ಎಂದು ನಾನೇ ಎಷ್ಟೋ ಸಲ ಹ್ಯಾಟಿಯ ಹತ್ತಿರ ಜಗಳ ಆಡಿದ್ದೆ. ಕ್ರಿಸ್‌ಮಸ್‌ಗೆ ಹಣ್ಣು ಕೊಡುತ್ತಿದ್ದರು. ಮಗಳು ಲೆಸ್ಲಿಗೆ ಚಿಕ್ಕದಾದ ಕೋಟುಗಳನ್ನು ವರ್ಲೀನ್‌ಗೆ ಕೊಡುತ್ತಿದ್ದರು. ಲೆಸ್ಲಿಗೂ ವರ್ಲೀನ್‌ಗೂ ಒಂದೇ ವಯಸ್ಸು. ನಮ್ಮ ಕೌಂಟಿಯನ್ನು ನಡೆಸುವ ಮಂಡಳಿಯಲ್ಲಿ ಅವರ ಗಂಡ ಮಿಸ್ಟರ್ ಬ್ರೇಡನ್ ಒಬ್ಬರು. ಬೀಗದ ಪರವಾಗಿ ಕೈ ಎತ್ತಿದವರು.

ನವೆಂಬರಿನ ಒಂದು ಗುರುವಾರ ಅವರ ಅಡಿಗೆಮನೆಯ ಮೇಜಿನ ಮೇಲೆ ಲೆಸ್ಲಿಯ ಪುಸ್ತಕ ತೆರೆದಿತ್ತು. ಬುಟ್ಟಿ ಹೊರಲು ವರ್ಲೀನ್ ನನ್ನ ಜೊತೆ ಬಂದಿದ್ದಳು. ನಾನು ಅಂಗಿಗಳನ್ನು ಎಣಿಸಿ ಕೊಡುತ್ತಿದ್ದೆ. ವರ್ಲೀನ್ ಕೈ ಹಿಂದೆ ಕಟ್ಟಿಕೊಂಡು, ಕತ್ತು ಮಾತ್ರ ಮುಂದೆ ಚಾಚಿ ಆ ಪುಟ ಓದುತ್ತಿದ್ದಳು. ಮುಟ್ಟಲಿಲ್ಲ. ಮಿಸ್ ಎಲಿನರ್ ನೋಡಿದರು. ಬೈಯಲಿಲ್ಲ. ಸುಮ್ಮನೆ ಬಂದು ಪುಸ್ತಕ ಮುಚ್ಚಿ ಕಪಾಟಿನ ಮೇಲಿಟ್ಟರು. ಸಕ್ಕರೆ ಡಬ್ಬಿಗೆ ಇರುವೆ ಬರುತ್ತದೆಂದು ಎತ್ತಿಡುವುದಿಲ್ಲವೇ, ಹಾಗೆ.

ಆ ದಿನ ಮನೆಗೆ ಬರುವಾಗ ಮಗಳು ಹೇಳಿದಳು: "ಅವ್ಳು ಎಲ್ಲಿದಾಳೆ ಗೊತ್ತಾ ಅಮ್ಮ? ಬೀಜಗಣಿತದಲ್ಲಿದಾಳೆ."

"ಅದೇನು?"

"ಗೊತ್ತಿಲ್ಲ. ಅದೇ ನಂಗೂ ಗೊತ್ತಿಲ್ಲ."

ಡಿಸೆಂಬರಿನಲ್ಲಿ ಅವರು ನಮ್ಮ ಮನೆಗೆ ಬಂದರು.

ಬಿಳಿಯರ ಕಾರು ನಮ್ಮ ಬೀದಿಗೆ ಬಂದರೆ ಅಂಗಳದಲ್ಲೇ ನಿಂತು ಹಾರ್ನ್ ಹಾಕುತ್ತದೆ. ನಾವು ಓಡಿ ಹೋಗಬೇಕು. ಆ ದಿನ ಹಾರ್ನ್ ಇಲ್ಲ. ಬಾಗಿಲು ಬಡಿದರು. ತೆರೆದರೆ ಮಿಸ್ ಎಲಿನರ್, ಅವರ ಹಿಂದೆ ಹ್ಯಾಟು ಕೈಯಲ್ಲಿ ಹಿಡಿದ ಮಿಸ್ಟರ್ ಬ್ರೇಡನ್.

"ಮಿಸೆಸ್ ವೂಲ್‌ರಿಜ್, ಒಳಗೆ ಬರಬಹುದಾ?"

ನಾನು ಹಿಂದೆ ತಿರುಗಿ ನೋಡಿದೆ. ಮಿಸೆಸ್ ವೂಲ್‌ರಿಜ್ ಅಂದರೆ ನಮ್ಮತ್ತೆ. ಅವರು ಸತ್ತು ಎಷ್ಟೋ ಕಾಲವಾಯಿತು. ಬಿಳಿಯರು ಅವರನ್ನೂ ಹಾಗೆ ಕರೆದಿರಲಿಲ್ಲ. ನಮಗೆ ಇರುವುದು ಮೊದಲ ಹೆಸರು ಮಾತ್ರ. ತಲೆ ನರೆತ ಮೇಲೆ ಆಂಟಿ. ಗಂಡಸಾದರೆ ಸಾಯುವವರೆಗೂ ಹುಡುಗ. ಇಷ್ಟು ವರ್ಷ ಇಡೆಲ್ಲಾ ಬಾ, ಇಡೆಲ್ಲಾ ಹೋಗು ಎನ್ನುತ್ತಿದ್ದವರು ಒಂದೇ ದಿನಕ್ಕೆ ನನ್ನನ್ನು ಮಿಸೆಸ್ ಮಾಡಿದ್ದರು.

ಕೂರಿಸಿದೆ. ಇಸ್ತ್ರಿ ಮಾಡಬೇಕಿದ್ದ ಅವರದೇ ಬಟ್ಟೆಯ ಗಂಟನ್ನು ಕುರ್ಚಿಯಿಂದ ಎತ್ತಿ ಅವರಿಗೆ ಜಾಗ ಮಾಡಿಕೊಟ್ಟೆ. ಹಾಲು ಕಾಯಿಸಿ ಕಾಫಿ ಮಾಡಿದೆ. ಮನೆಯಲ್ಲಿ ಇರುವುದರಲ್ಲಿ ಚೆನ್ನಾದ ಎರಡು ಕಪ್ಪು, ಅಂಚು ಒಡೆಯದವು, ತೆಗೆದು ಕೊಟ್ಟೆ. ವರ್ಲೀನ್ ಒಳಕೋಣೆಯ ಪರದೆಯ ಹಿಂದೆ ಇದ್ದಳು. ಅವಳ ಪಾದ ಕಾಣುತ್ತಿತ್ತು.

"ನೋಡಿ ಮಿಸೆಸ್ ವೂಲ್‌ರಿಜ್," ಮಿಸ್ ಎಲಿನರ್ ಶುರು ಮಾಡಿದರು. "ಮಕ್ಕಳು ಹೀಗೆ ಬೀದೀಲಿ ಅಲೀತಿರೋದು ನೋಡಿದ್ರೆ ನನಗೆ ನಿದ್ದೆ ಬರಲ್ಲ. ನಾನೂ ಒಬ್ಬ ತಾಯಿ. ನಿಮ್ಮ ಜನಕ್ಕೆ ಅಂತಲೇ ಒಂದು ಖಾಸಗಿ ಶಾಲೆ ಮಾಡೋಣ ಅಂತ ನಾವು ಕೆಲವರು ಯೋಚಿಸಿದೀವಿ. ನಿಮ್ಮದೇ ಟೀಚರುಗಳು. ಫೀಸು ಸರ್ಕಾರ ಕೊಡುತ್ತೆ. ಒಂದಷ್ಟು ತಂದೆತಾಯಿ ಒಪ್ಪಿ ಹೆಸರು ಕೊಡ್ಬೇಕು, ಅಷ್ಟೇ. ನೀವು ಮೊದಲು ಕೊಟ್ಟರೆ ಉಳಿದೋರು ಬರ್ತಾರೆ. ನಿಮ್ಮ ಮೇಲೆ ಎಲ್ಲರಿಗೂ ಗೌರವ ಇದೆ."

"ಜನವರೀಲೇ ಶುರು ಮಾಡಬಹುದು," ಎಂದರು ಮಿಸ್ಟರ್ ಬ್ರೇಡನ್.

ಪರದೆಯ ಕೆಳಗಿನ ಪಾದ ಅಲುಗಿತು.

ಈ ಮಾತು ಬರುತ್ತದೆಂದು ಪಾದ್ರಿ ಟಾಲಿವರ್ ಮೊದಲೇ ಹೇಳಿದ್ದರು. ನಾವು ಒಪ್ಪಿ ಹೆಸರು ಕೊಟ್ಟರೆ ಅವರು ಕೋರ್ಟಿಗೆ ಹೋಗುತ್ತಾರೆ. ಕರಿಯರು ತಮ್ಮ ಪಾಡಿಗೆ ತಾವು ಸಂತೋಷವಾಗಿದ್ದಾರೆ, ಬೇರೆ ಇರುವುದೇ ಅವರಿಗೂ ಇಷ್ಟ, ಇಗೋ ಅವರ ಹೆಸರು ಎನ್ನುತ್ತಾರೆ. ಅಲ್ಲಿಗೆ ಮೊಕದ್ದಮೆ ಮುಗಿಯಿತು. ಬೀಗ ಶಾಶ್ವತ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಜನವರಿ ಎಂದ ಕೂಡಲೇ ಮನಸ್ಸು ಕರಗಿತು. ಮಗಳು ಬೆಳಿಗ್ಗೆ ಪುಸ್ತಕ ಹಿಡಿದು ಹೋಗಿ ಸಂಜೆ ಮನೆಗೆ ಬರುತ್ತಾಳೆ. ಆ ಬೀಜಗಣಿತವೋ ಏನೋ, ಅದನ್ನು ಕಲಿಯುತ್ತಾಳೆ. ಬೆರಳಿನ ಅಂಟು ಹೋಗುತ್ತದೆ. ತಾಯಿಗೆ ಇನ್ನೇನು ಬೇಕು? ಹೂಂ ಎಂಬ ಮಾತು ಗಂಟಲಿಗೆ ಬಂದಿತ್ತು. ಸುಳ್ಳು ಯಾಕೆ ಹೇಳಲಿ.

ತಲೆ ತಗ್ಗಿಸಿ ಕೂತಿದ್ದೆ. ಕಣ್ಣು ಮೇಜಿನ ಮೇಲಿತ್ತು. ಮಿಸ್ ಎಲಿನರ್ ಕಪ್ಪು ಎತ್ತಿದರು, ತುಟಿಯ ಹತ್ತಿರ ಒಯ್ದರು, ಇಳಿಸಿದರು. ಇನ್ನೊಂದು ಮಾತು ಹೇಳಿದರು. ಮತ್ತೆ ಎತ್ತಿದರು, ಮತ್ತೆ ಇಳಿಸಿದರು. ಕಪ್ಪಿನ ಮೇಲೆ ಹಾಲಿನ ಕೆನೆ ಕಟ್ಟಿತ್ತು. ಕೆನೆ ಹಾಗೇ ಇತ್ತು. ಒಂದು ಗೆರೆಯೂ ಮೂಡಿರಲಿಲ್ಲ.

ಮಿಸ್ಟರ್ ಬ್ರೇಡನ್ನರ ಕಪ್ಪು ನೋಡಿದೆ. ಅವರು ಕೈಯನ್ನೇ ಇಟ್ಟಿರಲಿಲ್ಲ.

"ಕಾಫಿ ಆರ್ತಾ ಇದೆ, ಮಿಸ್ ಎಲಿನರ್," ಎಂದೆ.

"ಪರವಾಗಿಲ್ಲ. ತುಂಬಾ ಚೆನ್ನಾಗಿದೆ."

"ಕುಡಿದೇ ಇಲ್ಲವಲ್ಲ. ಚೆನ್ನಾಗಿದೆ ಅಂತ ಹೆಂಗೆ ಗೊತ್ತಾಯ್ತು?"

ಅವರ ಕತ್ತು ಕೆಂಪಾಯಿತು. ಗಂಡನ ಕಡೆ ನೋಡಿದರು. ಮಿಸ್ಟರ್ ಬ್ರೇಡನ್ ಹ್ಯಾಟನ್ನು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸಿದರು.

"ಒಂದು ಗುಟುಕು ಕುಡೀರಿ," ಎಂದೆ. ಕಪ್ಪನ್ನು ಅವರ ಕಡೆ ಸರಿಸಿದೆ. "ನಿಮ್ಮ ಹಾಸಿಗೆ ಬಟ್ಟೆ ನಾನೇ ಒಗೆಯೋದು. ನಿಮ್ಮ ಒಳಬಟ್ಟೆ ನಾನೇ ಒಗೆಯೋದು. ಲೆಸ್ಲಿ ಮಗುವಾಗಿದ್ದಾಗ ಅವಳ ಹೊಲಸು ಬಟ್ಟೆನೂ ನಾನೇ ಒಗೆದದ್ದು. ಈ ಕೈ ಮುಟ್ಟಿದ್ದನ್ನ ನೀವು ಮೈಗೆ ಸುತ್ಕೊಂಡು ಮಲಗ್ತೀರಿ. ಈ ಕೈಯಲ್ಲಿ ಕೊಟ್ಟ ಕಾಫಿ ಮಾತ್ರ ಗಂಟಲಲ್ಲಿ ಇಳಿಯಲ್ವಾ?"

"ಇಡೆಲ್ಲಾ," ಎಂದರು ಅವರು.

ಮಿಸೆಸ್ ವೂಲ್‌ರಿಜ್ ಅಷ್ಟರಲ್ಲೇ ಸತ್ತಳು.

"ನನ್ನ ಹೆಸರು ಬರ್ಕೋಬೇಡಿ. ನನ್ನ ಮಗಳಿಗೆ ಬೇರೆ ಶಾಲೆ ಬೇಡ. ಕೋರ್ಟು ಹೇಳಿರೋ ಶಾಲೆ ಬೇಕು."

ಮಿಸ್ಟರ್ ಬ್ರೇಡನ್ ಎದ್ದರು. "ನಿನ್ನ ಮಗಳು ದಡ್ಡಿಯಾಗಿ ಬೆಳೆದ್ರೆ ಅದು ನಿನ್ನ ತಲೆ ಮೇಲೆ. ನಾವು ಕೇಳಿದ್ವಿ. ನೀನು ಬೇಡ ಅಂದೆ. ನೆನಪಿಟ್ಕೋ."

ಹೋಗುವಾಗ ಮಿಸ್ ಎಲಿನರ್ ಕುರ್ಚಿಯ ಪಕ್ಕದಲ್ಲಿದ್ದ ಬಟ್ಟೆಯ ಗಂಟನ್ನು ಎತ್ತಿಕೊಂಡರು. ಒದ್ದೆ ಒದ್ದೆಯಾಗಿಯೇ. ಇಷ್ಟು ವರ್ಷದಲ್ಲಿ ಆ ಗಂಟನ್ನು ಅವರೇ ಹೊತ್ತದ್ದು ಅದೊಂದೇ ಸಲ. ಆ ಮನೆಯ ಕೆಲಸ ಅಲ್ಲಿಗೆ ಮುಗಿಯಿತು.

ಕಾರಿನ ಸದ್ದು ಕರಗಿದ ಮೇಲೆ ವರ್ಲೀನ್ ಪರದೆ ಸರಿಸಿ ಬಂದಳು. ಅತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ನನ್ನ ಕೇಳಿದ್ಯಾ ನೀನು?"

"ಇಲ್ಲ."

"ಕೇಳಿದ್ರೆ ನಾನು ಹೂಂ ಅಂತಿದ್ದೆ."

"ಗೊತ್ತು. ಅದಕ್ಕೇ ಕೇಳ್ಲಿಲ್ಲ."

ಅವಳು ಎರಡೂ ಕಪ್ಪು ತಗೊಂಡು ಹೋಗಿ ಹಿತ್ತಿಲಲ್ಲಿ ಚೆಲ್ಲಿದಳು. ಆ ರಾತ್ರಿ ಊಟ ಮಾಡಲಿಲ್ಲ. ಮೆಕ್ಕೆಜೋಳದ ರೊಟ್ಟಿ ಮುರಿದು, ಬೆಲ್ಲದ ಪಾಕ ಸವರಿ ತಟ್ಟೆಯಲ್ಲಿಟ್ಟು ಅವಳ ಹಾಸಿಗೆಯ ಪಕ್ಕದಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಹಾಗೇ ಇತ್ತು.

ನನ್ನ ಗಂಡ ಏಮಸ್ ನಾರ್ಫೋಕಿನ ಹಡಗುಕಟ್ಟೆಯಲ್ಲಿ ಕೂಲಿ. ತಿಂಗಳಿಗೊಮ್ಮೆ ಬರುತ್ತಾರೆ. ಬಂದಾಗ ಎಲ್ಲ ಹೇಳಿದೆ. ಬಹಳ ಹೊತ್ತು ಬೂಟಿನ ದಾರ ಬಿಚ್ಚುತ್ತ ಕೂತರು. "ಸರಿ ಮಾಡ್ದೆ," ಎಂದರು. ಇನ್ನೊಂದು ಬೂಟು ಕಳಚಿ, "ಆದ್ರೆ ಅವ್ಳಿಗೇನು ಮಾಡೋದು?" ಎಂದರು. ಭಾನುವಾರ ಸಂಜೆ ಅವರು ನಾರ್ಫೋಕಿಗೆ ಬಸ್ಸು ಹತ್ತಿದರು.

ನಮ್ಮವರು ಯಾರೂ ಹೆಸರು ಕೊಡಲಿಲ್ಲ ಎಂದು ಆಮೇಲೆ ತಿಳಿಯಿತು. ಬ್ರೇಡನ್ನರು ಹ್ಯಾಟಿಯ ಮನೆಗೂ ಹೋಗಿದ್ದರಂತೆ. "ಏನಂದೆ?" ಎಂದು ಕೇಳಿದೆ. "ನಂಗೆ ಹೆಸರು ಬರಿಯೋಕೇ ಬರಲ್ಲ ಅಂದೆ," ಎಂದಳು. "ನಮ್ಮಂಥೋರಿಗೆ ಅದನ್ನ ಕಲಿಸೋಕೆ ಒಂದು ಶಾಲೆ ಇತ್ತು, ನೀವೇ ಬೀಗ ಹಾಕಿದ್ರಿ ಅಂದೆ." ನಗುತ್ತಲೇ ಹೇಳಿದಳು. ಆದರೆ ಕ್ರಿಸ್‌ಮಸ್ ಕಳೆಯುತ್ತಲೇ ಪಾತ್ರೆಪಡಗ ಕಟ್ಟಿ, ಶಾಲೆ ಇರುವ ಪಕ್ಕದ ಕೌಂಟಿಗೆ ನಾಲ್ಕೂ ಮಕ್ಕಳನ್ನು ಕರಕೊಂಡು ಹೊರಟಳು. ಅವಳ ಅಣ್ಣನ ಕೋಳಿ ಶೆಡ್ಡಿನಲ್ಲಿ ಇರುತ್ತಾರಂತೆ. ಹೋಗುವಾಗ ನನ್ನನ್ನು ತಬ್ಬಿಕೊಂಡು ಏನೂ ಮಾತಾಡಲಿಲ್ಲ. ಹ್ಯಾಟಿ ಮಾತಾಡದೆ ಇದ್ದದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಬೀದಿ ಬರಿದಾಗುತ್ತ ಬಂತು. ಬೆಳಿಗ್ಗೆ ಮಕ್ಕಳ ಸದ್ದಿಲ್ಲ. ಕೆಲವು ಹುಡುಗರು ಮರ ಕಡಿಯಲು ಹೋದರು. ಹುಡುಗಿಯರು ಬಿಳಿಯರ ಮನೆಯ ಕೂಸು ಆಡಿಸಲು ಹೋದರು. ಹೋದವರು ಪುಸ್ತಕದ ಮಾತು ಎತ್ತುವುದನ್ನೇ ಬಿಟ್ಟರು.

ಜನವರಿಯಲ್ಲಿ ಪಾದ್ರಿ ಟಾಲಿವರ್ ಬಂದರು. ಉತ್ತರದ ಕೆಲವು ಚರ್ಚಿನವರು ನಮ್ಮ ಮಕ್ಕಳನ್ನು ತಮ್ಮ ಮನೆಗಳಲ್ಲಿ ಇಟ್ಟುಕೊಂಡು ಓದಿಸಲು ಒಪ್ಪಿದ್ದಾರೆ ಎಂದರು. ವರ್ಲೀನ್‌ಗೆ ಓಹಿಯೋದಲ್ಲಿ ಒಂದು ಮನೆ.

"ಯಾರ ಮನೆ?"

"ಹಾಲ್ವರ್ಸನ್ ಅಂತ. ಒಳ್ಳೆಯವರು. ಬಿಳಿಯರು."

ಇಲ್ಲಿ ಬಿಳಿಯರ ಜೊತೆ ಒಂದು ಬೆಂಚಿನಲ್ಲಿ ಕೂರಲು ಬಿಡದ್ದಕ್ಕೆ ಅಲ್ಲಿ ಬಿಳಿಯರ ಮನೆಯಲ್ಲಿ ಮಲಗಲು ಕಳಿಸಬೇಕು. ನನ್ನ ಮಗಳನ್ನು. ನಾನು ಒಂದು ದಿನವೂ ಬಿಟ್ಟಿರದವಳನ್ನು.

ಹೂಂ ಎಂದೆ. ಈ ಸಲವೂ ಅವಳನ್ನು ಕೇಳಲಿಲ್ಲ.

ಹೊರಡುವ ದಿನ ಅವಳನ್ನು ಮೊಣಕಾಲ ನಡುವೆ ಕೂರಿಸಿಕೊಂಡು ತಲೆ ಬಾಚಿದೆ. ಎಣ್ಣೆ ಹಚ್ಚಿ, ಬೈತಲೆ ತೆಗೆದು, ಸಣ್ಣ ಸಣ್ಣ ಜಡೆ ಹಾಕಿದೆ. ನಮ್ಮ ಕೂದಲು ಬಾಚುವುದು ಬಿಳಿಯರಿಗೆ ಬರುವುದಿಲ್ಲ. ಅವರ ಬಾಚಣಿಗೆ ಮುರಿಯುತ್ತದೆ, ನಮ್ಮ ತಲೆ ಹರಿಯುತ್ತದೆ.

"ಬಿಗಿ ಆಯ್ತು ಅಮ್ಮ."

"ಇರ್ಲಿ. ಬಹಳ ದಿನ ನಿಲ್ಬೇಕು."

ಡಿಸೆಂಬರಿನಿಂದ ಅವಳು ನನ್ನ ಹತ್ತಿರ ಆಡಿದ ಮಾತುಗಳಲ್ಲಿ ಆ ಮೂರು ಪದವೇ ಉದ್ದದ್ದು. ನಾನು ಬೇಕೆಂದೇ ನಿಧಾನ ಮಾಡಿದೆ. ಒಂದು ಜಡೆ ಬಿಚ್ಚಿ ಮತ್ತೆ ಹಾಕಿದೆ. ಅವಳಿಗೂ ತಿಳಿದಿತ್ತು. ಸುಮ್ಮನೆ ಕೂತಿದ್ದಳು. ಪಾದ್ರಿಯ ಕಾರು ಬಂತು. ಅವಳು ಹಿಂದಿನ ಸೀಟಿನಲ್ಲಿ ಕೂತು ಮುಂದೆ ನೋಡಿದಳು. ಕಾರು ತಿರುವಿನಲ್ಲಿ ಹೋಗುವವರೆಗೂ ಆ ಜಡೆಗಳು ಕಂಡವು. ಅವು ತಿರುಗಲಿಲ್ಲ.

ಕಾಗದ ಬರುತ್ತಿದ್ದವು. ಚಿಕ್ಕ ಕಾಗದ. ಇಲ್ಲಿ ಹಿಮ ಬಹಳ. ಇಲ್ಲಿ ಸೊಪ್ಪು ಬೇಯಿಸುವುದಿಲ್ಲ, ಹಸಿಯಾಗೇ ತಿನ್ನುತ್ತಾರೆ. ನಾನು ಎರಡು ತರಗತಿ ಹಿಂದಿದ್ದೇನೆ. ಮಿಸೆಸ್ ಹಾಲ್ವರ್ಸನ್ ನನ್ನ ತಲೆ ಬಾಚಲು ಕಲಿಯುತ್ತಿದ್ದಾರೆ. ನೋಯುತ್ತದೆ, ಆದರೆ ಹೇಳಿಲ್ಲ. ನೀನು ಹೇಗಿದ್ದೀ ಎಂದು ಒಂದರಲ್ಲೂ ಕೇಳಿರಲಿಲ್ಲ. ನಾನು ಒಂದೊಂದನ್ನೂ ಅಡಿಗೆ ಮಾಡುತ್ತ ಓದಿದೆ, ಬಟ್ಟೆ ಒಣಗಿಸುತ್ತ ಓದಿದೆ. ಬೇಸಗೆಯಲ್ಲಿ ಬರಲು ಬಸ್ಸಿನ ದುಡ್ಡು ಹೊಂದಲಿಲ್ಲ. ಆಗಸ್ಟಿನ ಕಾಗದದಲ್ಲಿ ಮಾತ್ರ ಕೊನೆಗೆ ಒಂದು ಸಾಲಿತ್ತು. ಈ ಸಲ ತೆರೆಯುತ್ತಾರಾ ಅಮ್ಮ? ತೆರೆದರೆ ಕರೆಸಿಕೋ.

ಮತ್ತೆ ಸೆಪ್ಟೆಂಬರ್ ಬಂತು. ತೆರೆಯಲಿಲ್ಲ.

ಹೆದ್ದಾರಿಯ ಬದಿಯ ಲಾಡ್ಜಿನ ಹಾಸಿಗೆ ಬಟ್ಟೆ ಒಗೆಯುವ ಕೆಲಸ ಸಿಕ್ಕಿತ್ತು ನನಗೆ. ಒಂದು ಸಂಜೆ ಇಸ್ತ್ರಿ ಮಾಡುತ್ತಿದ್ದೆ. ರೇಡಿಯೋ ಹಾಕಿದ್ದೆ, ಮನೆಯಲ್ಲಿ ಒಂದು ದನಿಯಾದರೂ ಇರಲಿ ಎಂದು. ರಾಜ್ಯದ ಯಾರೋ ದೊಡ್ಡ ಅಧಿಕಾರಿ ಮಾತಾಡುತ್ತಿದ್ದರು. ದನಿ ಮೆತ್ತಗೆ, ಬೆಣ್ಣೆಯ ಹಾಗೆ.

"ನಮ್ಮ ಮೇಲೆ ಸುಮ್ಮನೆ ಅಪವಾದ ಹೊರಿಸುತ್ತಿದ್ದಾರೆ. ನೀಗ್ರೋ ಮಕ್ಕಳಿಗೂ ಶಾಲೆ ಮಾಡಿಕೊಡಲು ಅಲ್ಲಿನ ಹಿರಿಯರು ಮುಂದೆ ಬಂದಿದ್ದರು. ಮನೆ ಬಾಗಿಲಿಗೇ ಹೋಗಿ ಕೇಳಿದರು. ಆ ತಂದೆತಾಯಿಗಳೇ ಬೇಡವೆಂದರು. ತಮ್ಮ ಮಕ್ಕಳಿಗೆ ಓದು ಬೇಕಿಲ್ಲ ಎನ್ನುವವರಿಗೆ ಸರ್ಕಾರ ಏನು ಮಾಡಲು ಸಾಧ್ಯ?"

ಇಸ್ತ್ರಿ ಪೆಟ್ಟಿಗೆ ಕೈಯಲ್ಲೇ ಇತ್ತು. ಬಟ್ಟೆ ಸುಟ್ಟ ವಾಸನೆ ಬಂದಾಗಲೇ ಎಚ್ಚರವಾದದ್ದು. ಬಿಳಿ ಚಾದರದ ನಡುವೆ ಕಂದು ಬಣ್ಣದ ದೊಡ್ಡ ಗುರುತು. ನಾನು ಕೆಲಸದಲ್ಲಿ ಬಟ್ಟೆ ಸುಟ್ಟವಳಲ್ಲ.

ರೇಡಿಯೋ ಆರಿಸಿದೆ. "ಬೇಕು," ಎಂದೆ. ಮನೆಯಲ್ಲಿ ಯಾರೂ ಇರಲಿಲ್ಲ. ಕೇಳುವವರಿಲ್ಲದೆ ಆ ಮಾತು ನನ್ನ ಕಿವಿಗೇ ವಿಚಿತ್ರವಾಗಿ ಕೇಳಿತು.

ಮರುದಿನ ಬೇಗ ಎದ್ದೆ. ಕೋಳಿಗಳಿಗೆ ಕಾಳು ಹಾಕಿದೆ. ಚರ್ಚಿಗೆ ಹಾಕಿಕೊಳ್ಳುವ ಫ್ರಾಕು, ಹ್ಯಾಟು, ಕೈಗವಸು ಹಾಕಿಕೊಂಡೆ. ಪೇಟೆಗೆ ನಡೆದೆ. ನಮ್ಮ ಹಳೆಯ ಶಾಲೆಯ ದಾರಿ ಬಿಟ್ಟೆ. ಮುಖ್ಯ ಬೀದಿಯಲ್ಲಿ ಬಿಳಿಯರ ಹೈಸ್ಕೂಲು ಇದೆ. ಇಟ್ಟಿಗೆ ಕಟ್ಟಡ, ಎದುರಿಗೆ ಹುಲ್ಲು. ಹುಲ್ಲು ಆಳೆತ್ತರ ಬೆಳೆದಿತ್ತು. ಗೇಟಿಗೆ ಬೀಗ. ಗೇಟಿನ ಮುಂದೆ, ಫುಟ್‌ಪಾತಿನ ಮೇಲೆ ನಿಂತುಕೊಂಡೆ.

ಅಂಗಡಿಯವರು ಇಣುಕಿ ನೋಡಿದರು. ನಮ್ಮವರು ಇಬ್ಬರು ಮೂವರು ಆ ಬದಿಯಲ್ಲಿ ಹೋದರು. ಒಬ್ಬಾಕೆ ನನ್ನನ್ನು ಗುರುತಿಸಿ ನಿಂತಳು, ಸುತ್ತ ನೋಡಿ ಹೆಜ್ಜೆ ಬೇಗ ಹಾಕಿದಳು. ಅವಳನ್ನು ದೂರುವುದಿಲ್ಲ. ಅವಳಿಗೂ ಕೆಲಸದ ಮನೆ ಇದೆ. ಅಕಾಡೆಮಿಯ ಬಸ್ಸು ಹೋಯಿತು. ಕಿಟಕಿಗಳ ತುಂಬ ಮಕ್ಕಳು.

ಸ್ವಲ್ಪ ಹೊತ್ತಿಗೆ ಶೆರಿಫನ ಕಡೆಯ ಪೊಲೀಸಿನವನ ಕಾರು ಬಂತು. ಚಿಕ್ಕ ವಯಸ್ಸಿನವನು, ಮೀಸೆಯೂ ಸರಿಯಾಗಿ ಬಂದಿರಲಿಲ್ಲ.

"ಏನೇ, ಏನ್ ಮಾಡ್ತಿದೀಯ ಇಲ್ಲಿ?"

"ಮಗಳನ್ನ ಸ್ಕೂಲಿಗೆ ಸೇರಿಸ್ಬೇಕು ಸ್ವಾಮಿ."

"ನಿಮ್ಮ ಸ್ಕೂಲು ಇರೋದು ರೈಲು ಹಳಿ ಆಚೆ."

"ಅದು ಹಳೇದು. ಕೋರ್ಟು ಹೇಳಿರೋದು ಇದನ್ನೇ."

ಅವನು ಸುತ್ತ ನೋಡಿದ. "ಎಲ್ಲಿ ಮಗಳು?"

"ಓಹಿಯೋದಲ್ಲಿದಾಳೆ."

"ಓಹಿಯೋದಲ್ಲಿರೋಳನ್ನ ಇಲ್ಲಿ ಹೆಂಗೆ ಸೇರಿಸ್ತೀಯ?"

"ಬೀಗ ತೆಗೀರಿ. ಕರೆಸ್ಕೊಳ್ತೀನಿ."

ಅವನಿಗೆ ನಗು ಬಂತು. ನನ್ನ ಮುಖ ನೋಡಿ ನಗು ನಿಂತಿತು. "ಒಬ್ಬಳೇ ನಿಂತ್ರೆ ಬೀಗ ತೆಗೀತಾರಾ?"

"ಇಲ್ಲ."

"ಮತ್ಯಾಕೆ ನಿಂತಿದೀಯ?"

"ನಮಗೆ ಓದು ಬೇಡವಂತೆ. ನಿನ್ನೆ ರೇಡಿಯೋದಲ್ಲಿ ಹೇಳಿದ್ರು. ಬೇಕು ಅಂತ ಹೇಳೋಕೆ ನಂಗೆ ರೇಡಿಯೋ ಇಲ್ಲ. ಅದಕ್ಕೇ ನಿಂತಿದೀನಿ."

"ಗೇಟು ಮುಟ್ಟಿದ್ರೆ ಒಳಗೆ ಹಾಕ್ಬೇಕಾಗುತ್ತೆ."

"ಮುಟ್ಟಲ್ಲ."

ಅವನು ಹೋಗಿ ಕಾರಿನಲ್ಲಿ ಕೂತ. ಬಿಸಿಲು ಏರಿತು. ಕೈಗವಸಿನೊಳಗೆ ಬೆರಳು ಬೆವೆತವು. ಒಗೆಯುವವಳಿಗೆ ನಿಲ್ಲುವುದು ಹೊಸದಲ್ಲ, ಆದರೆ ಕೈಗೆ ಕೆಲಸವಿಲ್ಲದೆ ನಿಂತು ಗೊತ್ತಿಲ್ಲ. ಸೊಂಟ ಸೆಳೆಯಿತು. ಮಧ್ಯಾಹ್ನ ಮಿಸ್ ಎಲಿನರ್ ಕಾರಿನಲ್ಲಿ ಹೋದರು. ನನ್ನನ್ನು ನೋಡಿದರು. ಕಾರು ನಿಧಾನವಾಯಿತು, ಮತ್ತೆ ಜೋರಾಯಿತು. ಯಾರೂ ಬಂದು ಪಕ್ಕದಲ್ಲಿ ನಿಲ್ಲಲಿಲ್ಲ. ಬರುತ್ತಾರೆಂದು ನಾನು ಅಂದುಕೊಂಡಿರಲೂ ಇಲ್ಲ. ಆದರೂ ಹೆಜ್ಜೆ ಸದ್ದಾದಾಗಲೆಲ್ಲ ತಿರುಗಿ ನೋಡುತ್ತಿದ್ದೆ.

ಶಾಲೆ ಬಿಡುವ ಹೊತ್ತಾಯಿತು. ಅಕಾಡೆಮಿಯ ಬಸ್ಸು ವಾಪಸು ಹೋಯಿತು. ನಾನು ಹ್ಯಾಟು ಸರಿ ಮಾಡಿಕೊಂಡು ಹೊರಟೆ. ಪೊಲೀಸಿನವನು ಕಾರಿನ ಗಾಜು ಇಳಿಸಿದ.

"ಮುಗೀತಾ? ಇನ್ನು ನಾಳೆ ಬಂದುಬಿಟ್ಟೀಯ ಮತ್ತೆ."

"ನಾಳೆ ಶನಿವಾರ ಸ್ವಾಮಿ," ಎಂದೆ. "ಸ್ಕೂಲಿಗೆ ರಜ. ಸೋಮವಾರ ಬರ್ತೀನಿ."